ಬಾಡಿಯೋ, ಲೆನ್ಸೋ? ಅವಕಾಶ ವೆಚ್ಚದ ಒಂದು ಪಾಠ

ಒಂದನ್ನು ಆರಿಸಿಕೊಂಡಾಗ ಕೈಬಿಟ್ಟ ಅತ್ಯುತ್ತಮ ಪರ್ಯಾಯದ ಮೌಲ್ಯವೇ ಅವಕಾಶ ವೆಚ್ಚ. ಈ ವಾಕ್ಯವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಅಂಕ ಪಡೆಯುವವರು ನಮ್ಮಲ್ಲಿ ಬಹಳ ಮಂದಿ. ಪಠ್ಯದಲ್ಲಿ ಇದಕ್ಕೆ ಜೋಳ ಮತ್ತು ಹತ್ತಿಯ ಉದಾಹರಣೆ ಇದೆ. ಬಿಕ್ಕೋಡಿನ ಸುತ್ತ ಹತ್ತಿ ಹೊಲ ಕಂಡವರು ಎಷ್ಟು ಜನ? ಹಾಗಾಗಿ ಈ ವರ್ಷ ತರಗತಿಯಲ್ಲಿ ಬೇರೆ ಉದಾಹರಣೆ ತೆಗೆದುಕೊಂಡೆ. ಅದನ್ನು ಕೊಟ್ಟವನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಅಣ್ಣನ ಜೊತೆ ಮದುವೆ ಫೋಟೋ ತೆಗೆಯಲು ಹೋಗುವ ಹುಡುಗ. ಅವನ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ.

ಅವನ ಹತ್ತಿರ ಒಂದು ನಿಕಾನ್ ಡಿ5600 ಕ್ಯಾಮೆರಾ, ಅದರ ಜೊತೆಗೇ ಬರುವ 18-55 ಎಂಎಂ ಲೆನ್ಸ್ ಇದೆ. ಮದುವೆಗಳ ಸಂಬಳ, ಭಾನುವಾರಗಳ ಕಾಫಿ ಕೊಯ್ಲಿನ ಕೂಲಿ ಎಲ್ಲ ಸೇರಿ 18,000 ರೂಪಾಯಿ ಕೂಡಿಟ್ಟಿದ್ದಾನೆ. "ಸರ್, ಈ ದುಡ್ಡಿಗೆ ಇನ್ನೊಂದು ಸೆಕೆಂಡ್ ಹ್ಯಾಂಡ್ ಬಾಡಿ ತಗೊಳ್ಳಲಾ, ಒಳ್ಳೆ ಲೆನ್ಸ್ ತಗೊಳ್ಳಲಾ?" ಎಂದು ಕೇಳಿದ. ಎರಡನ್ನೂ ಕಂತಿನಲ್ಲಿ ತೆಗೆದುಕೊಳ್ಳಬಹುದಲ್ಲ ಎಂದು ಹಿಂದಿನ ಬೆಂಚಿನಿಂದ ಸಲಹೆ ಬಂತು. ಬಡ್ಡಿಯ ಕಂತಿಗೆ ಅಬ್ಬಾ ಒಪ್ಪುವುದಿಲ್ಲ ಎಂದ. ಒಳ್ಳೆಯದೇ ಆಯಿತು. ಸಂಪನ್ಮೂಲ ಸೀಮಿತವಾಗಿದ್ದರೆ ಮಾತ್ರ ಆಯ್ಕೆಯ ಪ್ರಶ್ನೆ ಹುಟ್ಟುತ್ತದೆ. ಲೆಕ್ಕ ಸುಲಭವಾಗಲಿ ಎಂದು ಎರಡರ ಬೆಲೆಯೂ 18,000 ಎಂದೇ ಇಟ್ಟುಕೊಳ್ಳೋಣ. ಬಾಡಿ ಕೊಂಡರೆ ಲೆನ್ಸ್ ಅದರ ಅವಕಾಶ ವೆಚ್ಚ, ಲೆನ್ಸ್ ಕೊಂಡರೆ ಬಾಡಿ.

ಇಲ್ಲಿಯವರೆಗೆ ಎಲ್ಲರಿಗೂ ಅರ್ಥವಾಯಿತು. ಕಷ್ಟವಿರುವುದು 'ಮೌಲ್ಯ' ಎಂಬ ಪದದಲ್ಲಿ. ಬೆಲೆ ಒಂದೇ ಆದರೂ ಇವೆರಡೂ ಕೊಡುವ ವಸ್ತು ಒಂದೇ ಅಲ್ಲ. ಲೆನ್ಸ್ ಇಂದು ತೆಗೆಯಲಾಗದ ಚಿತ್ರವನ್ನು ತೆಗೆಯುವ ಶಕ್ತಿ ಕೊಡುತ್ತದೆ. ಎರಡನೇ ಬಾಡಿ ಇಂದು ತೆಗೆಯಬಲ್ಲ ಚಿತ್ರ ಕೈತಪ್ಪದಂತೆ ಭದ್ರತೆ ಕೊಡುತ್ತದೆ. ಶಕ್ತಿ ಬೇಕೋ ಭದ್ರತೆ ಬೇಕೋ ಎನ್ನುವುದು ನಾವು ಯಾವುದರ ಚಿತ್ರ ತೆಗೆಯುತ್ತೇವೆ ಎಂಬುದರ ಮೇಲೆ ನಿಂತಿದೆ.

ನಮ್ಮ ಬೇಲೂರನ್ನೇ ನೋಡಿ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯ 900 ವರ್ಷಗಳಿಂದ ಅಲ್ಲೇ ನಿಂತಿದೆ. ಇವತ್ತು ಕ್ಯಾಮೆರಾ ಕೆಟ್ಟರೆ ಮುಂದಿನ ವಾರ ಹೋಗಬಹುದು, ಕಲ್ಲು ಕಾಯುತ್ತದೆ. ಆದರೆ ಅದೇ ಬೇಲೂರಿನ ರಥೋತ್ಸವದ ದಿನ, ತೇರು ಎಳೆಯುವ ಮುನ್ನ, ಖಾಜಿಯವರು ಕುರ್‌ಆನ್ ಪಠಣ ಮಾಡುವ ರೂಢಿ ಇದೆಯಲ್ಲ, ಅದು ವರ್ಷಕ್ಕೆ ಒಮ್ಮೆ, ಕೆಲವೇ ನಿಮಿಷ. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ನಿಕಾಹ್ ಆದರೆ ಇನ್ನೊಂದು ವರ್ಷವೂ ಇಲ್ಲ. ಮದುಮಗ 'ಕಬೂಲ್' ಎನ್ನುವ ಕ್ಷಣವನ್ನು ಮತ್ತೊಮ್ಮೆ ಮಾಡಿ ಎನ್ನಲಾಗದು. ಆ ಮನೆಯವರು ನಮ್ಮನ್ನು ನಂಬಿ ಒಪ್ಪಿಸಿದ ಅಮಾನತು ಅದು. ದುಡ್ಡು ವಾಪಸ್ ಕೊಟ್ಟ ಮಾತ್ರಕ್ಕೆ ತೀರುವ ನಷ್ಟವಲ್ಲ.

ಹಾಗಾದರೆ ಮದುವೆ ತೆಗೆಯುವವನಿಗೆ ಬಾಡಿಯೇ ಸರಿ ಎಂದು ತರಗತಿಯ ಅರ್ಧದಷ್ಟು ಜನ ಕೈ ಎತ್ತಿದರು. ಅವಸರ ಬೇಡ ಎಂದೆ. ಅವನ ಲೆನ್ಸ್ ಏನು ಮಾಡಬಲ್ಲದು ಎಂದು ಮೊದಲು ನೋಡಬೇಕು. ಇಲ್ಲಿಂದ ಒಂದೆರಡು ಪ್ಯಾರಾ ಭೌತಶಾಸ್ತ್ರ. ಆ ವಿಭಾಗದ ಸಹೋದ್ಯೋಗಿಗಳು ಕ್ಷಮಿಸಲಿ.

ಕ್ರಿ.ಶ. 965ರ ಸುಮಾರಿಗೆ ಬಸ್ರಾದಲ್ಲಿ ಹುಟ್ಟಿದ ಇಬ್ನ್ ಅಲ್-ಹೈಸಮ್ ಹೆಸರನ್ನು ನೀವು ಕೇಳಿರುತ್ತೀರಿ. 'ಕಿತಾಬ್ ಅಲ್-ಮನಾಝಿರ್' ಬರೆದವರು. ಗ್ರಹಣದ ವೇಳೆ ಸಣ್ಣ ರಂಧ್ರದ ಮೂಲಕ ಗೋಡೆಯ ಮೇಲೆ ಬೀಳುವ ಸೂರ್ಯನ ಬಿಂಬವನ್ನು ಅವರು ಅಭ್ಯಾಸ ಮಾಡಿದರು. ರಂಧ್ರ ಚಿಕ್ಕದಿದ್ದರೆ ಗ್ರಹಣದ ಸೂರ್ಯ ಕುಡುಗೋಲಿನಂತೆ ಕಾಣುತ್ತಾನೆ, ರಂಧ್ರ ದೊಡ್ಡದಾದರೆ ಆ ಆಕಾರ ಕರಗಿ ದುಂಡಗಾಗುತ್ತದೆ. ಅಂದರೆ ಸ್ಪಷ್ಟತೆ ಬೇಕಾದರೆ ಬೆಳಕು ಬಿಟ್ಟುಕೊಡಬೇಕು, ಬೆಳಕು ಬೇಕಾದರೆ ಸ್ಪಷ್ಟತೆ. ಇದೂ ಅವಕಾಶ ವೆಚ್ಚವೇ! ಲೆನ್ಸ್ ಎಂಬ ಗಾಜು ಮಾಡುವ ಉಪಕಾರ ಇಷ್ಟು: ರಂಧ್ರವನ್ನು ದೊಡ್ಡದಾಗಿಸಿಯೂ ಬಿಂಬವನ್ನು ಸ್ಪಷ್ಟವಾಗಿ ಇಡುತ್ತದೆ. ದುಬಾರಿ ಲೆನ್ಸಿಗೆ ನಾವು ಕೊಡುವ ಹಣದ ಬಹುಪಾಲು ಈ ಉಪಕಾರಕ್ಕೇ.

ಅವನ 18-55 ಲೆನ್ಸಿನ ಜೂಮನ್ನು ಪೂರ್ತಿ ಎಳೆದಾಗ ರಂಧ್ರ ತೆರೆಯುವುದು ಎಫ್/5.6ರವರೆಗೆ ಮಾತ್ರ. ಅವನು ಕೊಳ್ಳಬೇಕೆಂದಿರುವ ಲೆನ್ಸ್ ಎಫ್/1.8ರದು. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 9.7. ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು. ಮಳೆಗಾಲದ ಸಂಜೆ ಶಾದಿ ಮಹಲ್ ಒಳಗೆ ಒಂದು ಸೆಕೆಂಡಿನ 15ನೇ ಒಂದು ಭಾಗದಷ್ಟು ಹೊತ್ತು ಷಟರ್ ತೆರೆದಿಡಬೇಕಾದಲ್ಲಿ, ಹೊಸ ಲೆನ್ಸಿನಲ್ಲಿ 125ನೇ ಒಂದು ಭಾಗ ಸಾಕು. ಮೊದಲನೆಯದರಲ್ಲಿ ಸಹಿ ಹಾಕುವ ಕೈ ಮಸುಕಾಗುತ್ತದೆ, ಎರಡನೆಯದರಲ್ಲಿ ಪೆನ್ನಿನ ತುದಿಯೂ ನಿಲ್ಲುತ್ತದೆ. ಲೆನ್ಸಿನಲ್ಲಿ ಅದುರು ತಡೆಯುವ ವ್ಯವಸ್ಥೆ ಇದೆಯಲ್ಲ ಎಂದು ಒಬ್ಬಳು ಕೇಳಿದಳು. ಅದು ನಮ್ಮ ಕೈ ಅದುರುವುದನ್ನು ತಡೆಯುತ್ತದೆ, ಎದುರಿನವರ ಕೈ ಅಲುಗುವುದನ್ನಲ್ಲ.

ಈಗ ಮತ್ತೆ ಯೋಚಿಸಿ. ಅದೇ ಮಂದ ಲೆನ್ಸ್ ಇಟ್ಟುಕೊಂಡು ಎರಡು ಬಾಡಿ ಕೊಂಡರೆ ಸಿಗುವುದು ಏನು? ಮಸುಕು ಚಿತ್ರಕ್ಕೆ ಭದ್ರತೆ.

ಜಾಗದ ಪ್ರಕಾರ ಲೆನ್ಸಿನ ಮೌಲ್ಯವೂ ಬದಲಾಗುತ್ತದೆ. ಹಳೇಬೀಡಿನಲ್ಲಿ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಆನೆ, ಕುದುರೆಗಳ ಸಾಲಿಗೆ ಬಿಸಿಲು ನೇರವಾಗಿ ಬೀಳುತ್ತದೆ, ಇರುವ ಲೆನ್ಸೇ ಧಾರಾಳ. ಬೇಲೂರಿನ ನವರಂಗದ ಒಳಗೆ ಜಾಲಂಧ್ರಗಳಿಂದ ಸೋಸಿ ಬರುವ ಬೆಳಕಿನಲ್ಲಿ ಕಡೆದ ಕಂಬಗಳ ಹೊಳಪು ಹಿಡಿಯಲು ಅದು ಸಾಲದು. ಅಲ್ಲಿ ಸ್ಟ್ಯಾಂಡ್ ಹಾಕೋಣ ಎಂದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೊ ಪಟ್ಟಿ ಸೇರಿದವು. ನಮ್ಮ ಪತ್ರಿಕೆಗೆ ಒಳ್ಳೆಯ ಚಿತ್ರ ತರುತ್ತೇವೆ ಎಂದು ಹೊರಡುವ ನಿಮಗೆ ಇದು ನೆನಪಿರಲಿ. (ಕಾಡಾನೆ ಹಿಂಡಿಗೆ ಯಾವ ಲೆನ್ಸ್ ಎಂದು ಕೇಳಿದವನಿಗೆ ಉತ್ತರ: ಯಾವುದೂ ಇಲ್ಲ, ಬಾಗಿಲು ಹಾಕಿಕೊಂಡು ಒಳಗಿರು.)

ಇನ್ನು ಲೆಕ್ಕ. ಭದ್ರತೆಯನ್ನು ಕೊಂಡೇ ಪಡೆಯಬೇಕೆಂದಿಲ್ಲ, ಬಾಡಿಗೆಗೂ ಪಡೆಯಬಹುದು. ಕೊಳ್ಳುವುದು ಸ್ಥಿರ ವೆಚ್ಚ, ಬಾಡಿಗೆ ಬದಲಾಗುವ ವೆಚ್ಚ. ಬಾಡಿಯ ದಿನದ ಬಾಡಿಗೆ 900, ಲೆನ್ಸಿನದು 450 ಎಂದು ಹಿಡಿಯಿರಿ. 18,000ಕ್ಕೆ ಬಾಡಿ 20 ದಿನ ಸಿಗುತ್ತದೆ, ಲೆನ್ಸ್ 40 ದಿನ. ಹಾಗಾದರೆ ಲೆನ್ಸನ್ನೇ ಬಾಡಿಗೆಗೆ ತರುವುದು ಲಾಭ ಎಂದು ಥಟ್ಟನೆ ಹೇಳಬೇಡಿ. ಎಷ್ಟು ದಿನ ಬೇಕು ಎಂಬುದನ್ನು ಸೇರಿಸದೆ ಈ ಲೆಕ್ಕ ಪೂರ್ತಿಯಾಗದು. ಅಣ್ಣನ ಜೊತೆ ಹೋದ ದಿನ ಅಲ್ಲಿ ಎರಡು ಕ್ಯಾಮೆರಾ ಇದ್ದೇ ಇರುತ್ತವೆ, ಒಂದು ಕೆಟ್ಟರೆ ಇನ್ನೊಂದು. ಮೂರನೆಯದು ಬೇಕಾಗುವುದು ಅವನು ಒಬ್ಬನೇ ಒಪ್ಪಿಕೊಂಡ ಕೆಲಸಕ್ಕೆ ಮಾತ್ರ, ಅದು ವರ್ಷಕ್ಕೆ ಮೂರು. 20 ದಿನ ಮುಗಿಯಲು ಆರೂವರೆ ವರ್ಷ ದಾಟುತ್ತದೆ. ಅಷ್ಟರಲ್ಲಿ ಕೊಂಡ ಬಾಡಿಯ ಸವಕಳಿ ಎಷ್ಟಾಗಿರುತ್ತದೆ ಎಂದು ಲೆಕ್ಕಶಾಸ್ತ್ರದವರು ಹೇಳಲಿ. ಒಳ್ಳೆಯ ಲೆನ್ಸಿನ ಬೆಲೆ ಅಷ್ಟು ಬೇಗ ಇಳಿಯುವುದಿಲ್ಲ. ಮೇಲಾಗಿ ಲೆನ್ಸ್ ವರ್ಷಕ್ಕೆ 25 ಕಾರ್ಯಕ್ರಮಗಳಲ್ಲಿ ಬಳಕೆಯಾಗುತ್ತದೆ, ಎರಡು ವರ್ಷದೊಳಗೆ 40 ದಿನ ದಾಟಿತು. ಮನೆಯಲ್ಲಿ ದಿನವೂ ಕೈ ಪಳಗಿಸಿಕೊಳ್ಳುವುದು ಬೇರೆ.

ಆದ್ದರಿಂದ ಅವನಿಗೆ ನಾನು ಹೇಳಿದ್ದು: ಲೆನ್ಸ್ ಕೊಂಡುಕೋ, ಒಬ್ಬನೇ ಹೋಗುವ ದಿನಕ್ಕೆ ಬಾಡಿ ಬಾಡಿಗೆಗೆ ತಾ, ಆ 900ನ್ನು ಮೊದಲೇ ಒಪ್ಪಂದದ ಮೊತ್ತದಲ್ಲಿ ಸೇರಿಸು. ಅಣ್ಣ ಇಲ್ಲದೆ ವಾರಕ್ಕೊಂದು ಮದುವೆ ಒಪ್ಪಿಕೊಳ್ಳುವವನು ಇದೇ ಪ್ರಶ್ನೆ ಕೇಳಿದ್ದರೆ ನನ್ನ ಉತ್ತರ ತಿರುಗುಮುರುಗಾಗುತ್ತಿತ್ತು. ಈ ಸಲಹೆಯಲ್ಲಿ ಒಂದು ತೊಡಕೂ ಇದೆ. ರಂಜಾನ್ ಹಬ್ಬ ಕಳೆದು ಶವ್ವಾಲ್ ಬಂತೆಂದರೆ ಎಲ್ಲರ ಮನೆಯಲ್ಲೂ ಮದುವೆ, ಎಲ್ಲರಿಗೂ ಒಂದೇ ದಿನ ಕ್ಯಾಮೆರಾ ಬೇಕು. ಬೇಡಿಕೆ ಏರಿದ ದಿನ ಪೂರೈಕೆ ಹಾಸನದಲ್ಲೂ ಸಿಗದಿರಬಹುದು. ಮದುವೆಗೆ ಮುಂಗಡ ಪಡೆದ ದಿನವೇ ಬಾಡಿಗೆಗೂ ಮುಂಗಡ ಕೊಟ್ಟುಬಿಡಬೇಕು. ಒಂಟೆಯನ್ನು ಕಟ್ಟುವ ಹದೀಸ್ ನಿಮಗೆ ಗೊತ್ತೇ ಇದೆ.

ಬಾಡಿಗೆಗೆ ತರುವ ಬಾಡಿ ನಿಕಾನ್ ಎಫ್ ಮೌಂಟಿನದೇ ಇರಬೇಕು. ಕ್ಯಾನನ್ ತಂದರೆ ಹೊಸ ಲೆನ್ಸ್ ಬ್ಯಾಗಿನಲ್ಲೇ ಉಳಿಯುತ್ತದೆ. ಡಿ5600ರಲ್ಲಿ ಕಾರ್ಡ್ ಹಾಕಲು ಇರುವುದು ಒಂದೇ ಜಾಗ. ಕಾರ್ಡ್ ಕೆಟ್ಟರೆ ಎಷ್ಟು ಬಾಡಿ ಇದ್ದರೂ ಅದರೊಳಗಿನ ಚಿತ್ರ ಮರಳಿ ಬರುವುದು ಅನುಮಾನ. ಒಂದೇ ದೊಡ್ಡ ಕಾರ್ಡಿನ ಬದಲು ಎರಡು ಚಿಕ್ಕವು ಇಟ್ಟುಕೊಂಡು, ನಿಕಾಹ್ ಮುಗಿದ ಕೂಡಲೇ ಬದಲಿಸಿ ಮೊದಲನೆಯದನ್ನು ಜೇಬಿಗೆ ಹಾಕುವುದು ಅಗ್ಗದ ಭದ್ರತೆ. ಇನ್ನೊಂದು ಬ್ಯಾಟರಿಯೂ ಹಾಗೆಯೇ. ಈ ಕ್ಯಾಮೆರಾದ ಷಟರ್ 1,00,000 ಬಾರಿಗೆ ಪರೀಕ್ಷೆಯಾದದ್ದು. ಮದುವೆಗೆ 1,500 ಚಿತ್ರದಂತೆ 66 ಮದುವೆ. ಅದು ಆಯುಸ್ಸಿನ ಗಡುವಲ್ಲ, ಆದರೆ ಎಣಿಕೆ ಅಲ್ಲಿಗೆ ಮುಟ್ಟಿದಾಗ ಈ ಇಡೀ ಲೆಕ್ಕವನ್ನು ಮತ್ತೆ ಮಾಡಬೇಕು.

ಲೆನ್ಸ್ ಕೊಳ್ಳುವಾಗ ಒಂದು ಅಕ್ಷರ ನೋಡಿಕೊಳ್ಳಿ. ಹಳೆಯ 50 ಎಂಎಂ ಎಫ್/1.8 'ಡಿ' ಲೆನ್ಸ್ ಅಗ್ಗ, ಆದರೆ ಡಿ5600ರ ಒಳಗೆ ಫೋಕಸ್ ಮೋಟಾರ್ ಇಲ್ಲದ್ದರಿಂದ ಅದರಲ್ಲಿ ಫೋಕಸ್ ಕೈಯಿಂದಲೇ ತಿರುಗಿಸಬೇಕು. 'ಎಎಫ್-ಎಸ್' ಎಂದು ಬರೆದಿದ್ದರೆ ಮೋಟಾರ್ ಲೆನ್ಸಿನಲ್ಲೇ ಇದೆ. ಈ ಬಾಡಿಯಲ್ಲಿ 50 ಎಂಎಂ ಲೆನ್ಸ್ ದೊಡ್ಡ ಕ್ಯಾಮೆರಾದ 75ರಷ್ಟು ಹತ್ತಿರ ತೋರಿಸುತ್ತದೆ. ನಮ್ಮ ಮನೆಗಳ ಚಿಕ್ಕ ಕೋಣೆಯಲ್ಲಿ ಹಿಂದೆ ಸರಿಯಲು ಹೋದರೆ ಬೆನ್ನಿಗೆ ಗೋಡೆ. 35 ಎಂಎಂ ಮೇಲು. ಸೆಕೆಂಡ್ ಹ್ಯಾಂಡ್ ಆದರೆ ಗಾಜಿನ ಒಳಗೆ ಟಾರ್ಚ್ ಬಿಟ್ಟು ಬೂಸ್ಟು ಇದೆಯೇ ಎಂದು ನೋಡಿ. ಜೇಡರ ಬಲೆಯಂಥ ಬಿಳಿ ಎಳೆ ಕಂಡರೆ ಎಷ್ಟು ಅಗ್ಗವಾದರೂ ಬೇಡ. ನಮ್ಮ ಮಳೆಗಾಲದ ತೇವಕ್ಕೆ ಅದು ಬೆಳೆಯುತ್ತಲೇ ಹೋಗುತ್ತದೆ. ಹೊಸದನ್ನೂ ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬೀರುವಿನೊಳಗೆ, ಬಟ್ಟೆಗಳ ನಡುವೆ ಬೇಡ.