ಗೀರು ಹೋಗುವ ತನಕ

ಪುಟ್ಟೀ, ಸುರತ್ಕಲ್ಲಿಗೆ ಲೋಹಶಾಸ್ತ್ರ ಓದೋಕೆ ಹೊರಟಿದ್ದೀಯಂತೆ, ನಿನ್ನಪ್ಪ ಹೇಳಿದ. ಕಳಸದವರಿಗೆ ಕಬ್ಬಿಣ ಹೊಸದೇನಲ್ಲ. ಪಕ್ಕದ ಕುದುರೆಮುಖದಲ್ಲಿ 2005ರ ಕೊನೆಯವರೆಗೂ ಅದಿರು ತೆಗೆದರು. ಅದಕ್ಕೂ ಎಷ್ಟೋ ಮೊದಲೇ ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಗೆ ಇಳಿಯುತ್ತಿತ್ತು. ನೀನೀಗ ಕಬ್ಬಿಣದ ಒಳಗನ್ನು ನೋಡೋಕೆ ಹೊರಟವಳು.

ಸೂಕ್ಷ್ಮದರ್ಶಕ ಕಂಡ ಕೂಡಲೇ ಕಣ್ಣಿಡೋಕೆ ಓಡಬೇಡ. ಕೆಲಸವೆಲ್ಲ ಅದಕ್ಕೆ ಮೊದಲೇ ಇರೋದು. ಉಕ್ಕನ್ನು ನೀರು ಬಿಡುತ್ತಾ ಕೊಯ್ಯಬೇಕು, ಇಲ್ಲದಿದ್ದರೆ ಬಿಸಿಗೆ ಒಳರಚನೆಯೇ ಬದಲಾದೀತು. ಆಮೇಲೆ ಎಮರಿ ಪೇಪರ್: 220, 400, 600, 1000. ಪೇಪರ್ ಬದಲಿಸಿದಾಗಲೆಲ್ಲ ಚೂರನ್ನು ಕಾಲು ಸುತ್ತು ತಿರುಗಿಸಿ ಉಜ್ಜು. ಹಳೇ ಗೀರು ಅಡ್ಡಡ್ಡ ಕಾಣುತ್ತೆ. ಅದು ಪೂರ್ತಿ ಹೋಗುವ ತನಕ ಮುಂದಿನ ಪೇಪರ್ ಮುಟ್ಟಬೇಡ. ನಾನು ಮುಟ್ಟಿದ್ದೆ, ಮಾರಾಯ್ತಿ! ಕೆಲಸಕ್ಕೆ ಸೇರಿದ ಹೊಸದರಲ್ಲಿ ಉಳಿದ ಒಂದು ಗೀರನ್ನೇ ಬಿರುಕು ಅಂತ ಬರೆದು, ಗಟ್ಟಿಯಾಗಿದ್ದ ಶಾಫ್ಟೊಂದನ್ನು ಗುಜರಿಗೆ ಹಾಕಿಸಿದೆ. ಮತ್ತೆ ಉಜ್ಜಿ ನೋಡಿದರೆ ಬಿರುಕೇ ಇಲ್ಲ.

ಕೊನೆಗೆ ಪಾಲಿಶ್ ಮಾಡಿ ಕನ್ನಡಿಯಂತೆ ಹೊಳೆಸಿದರೂ ಕಣಗಳ ಗಡಿ ಕಾಣಲ್ಲ. ನೂರು ಪಾಲಿಗೆ ಎರಡು ಪಾಲು ನೈಟ್ರಿಕ್ ಆಮ್ಲ ಬೆರೆಸಿದ ಆಲ್ಕೋಹಾಲಿನಲ್ಲಿ, ಅದೇ ನೈಟಾಲ್‌ನಲ್ಲಿ, ಕೆಲವೇ ಸೆಕೆಂಡು ಅದ್ದು. ಹೊಳಪು ಮಂಕಾಯಿತೋ, ತೆಗೆ. ಆಲ್ಕೋಹಾಲಿನಲ್ಲೇ ತೊಳೆದು ಬಿಸಿಗಾಳಿಗೆ ಒಣಗಿಸು. ಸುರತ್ಕಲ್ಲಿನದು ಸಮುದ್ರದ ಗಾಳಿ. ಚೂರನ್ನು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಮುಚ್ಚಿಡದಿದ್ದರೆ ಬೆಳಗಾಗುವಷ್ಟರಲ್ಲಿ ತುಕ್ಕು.

ಕಲ್ಲುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ ಶೆಫೀಲ್ಡ್‌ನ ಹೆನ್ರಿ ಕ್ಲಿಫ್ಟನ್ ಸೋರ್ಬಿ 1863ರ ಹೊತ್ತಿಗೆ ಹೀಗೇ ಉಕ್ಕನ್ನೂ ಉಜ್ಜಿ ನೋಡತೊಡಗಿದ. ಒಂದು ಭಾಗ ಮುತ್ತಿನ ಚಿಪ್ಪಿನ ಹಾಗೆ ಮಿನುಗಿತು. ಪರ್ಲೈಟ್ ಅನ್ನೋ ಹೆಸರು ಬಂದದ್ದು ಆ ಮಿನುಗಿನಿಂದ.

ನಮ್ಮನೆಯ ಹಳೇ ತೋಟದ ಕತ್ತಿಯ ತುಂಡೊಂದನ್ನು ಜೊತೆಗಿಡುತ್ತೇನೆ. ಜೀಪಿನ ಸ್ಪ್ರಿಂಗ್ ಪಟ್ಟಿಯಿಂದ ನಮ್ಮೂರ ಆಚಾರ್ರು ಬಡಿದು ಕೊಟ್ಟದ್ದು. ಕೆಂಪಗೆ ಕಾಯಿಸಿ, ಬಾಯಿಯನ್ನಷ್ಟೇ ನೀರಿಗೆ ಅದ್ದುತ್ತಿದ್ದರು. ಗಡುಸಾದ ಬಾಯಿಯ ಕಡೆ ಸೂಜಿ ಸೂಜಿಯಾಗಿ ಮಾರ್ಟೆನ್‌ಸೈಟ್ ಕಾಣಬೇಕು, ನಿಧಾನವಾಗಿ ತಣಿದ ಬೆನ್ನಿನ ಕಡೆ ಪರ್ಲೈಟ್. ಹದ ಎಲ್ಲಿಗೆ ನಿಂತಿದೆ ಅಂತ ಹುಡುಕು. ಫೋಟೋದಲ್ಲಿ ಅಳತೆಗೆರೆ ಹಾಕೋದು ಮರೀಬೇಡ. ದೀಪಾವಳಿಗೆ ಬರುವಾಗ ತಾ, ಆಚಾರ್ರಿಗೆ ತೋರಿಸೋಣ.