ಮಳೆನೀರಿಗೆ ಬೇಳೆ ಯಾಕೆ ಬೇಗ ಕರಗುತ್ತದೆ?

ಪ್ರಶ್ನೆ: ನಮ್ಮ ನಲ್ಲಿಗೆ ಬರುವುದು ಬೋರಿನ ನೀರು. ಅದರಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಕಾಳುಕಾಳಾಗಿಯೇ ಉಳಿಯುತ್ತದೆ, ಸಾಬೂನು ನೊರೆ ಬಿಡುವುದಿಲ್ಲ. ಮಳೆನೀರು ಹಿಡಿದ ದಿನ ಎರಡೂ ಸಲೀಸು. ನೀರು ನೀರೇ ಅಲ್ಲವೇ? ಮಳೆನೀರನ್ನು ಕುಡಿಯಬಹುದೇ?
– ಓದುಗರೊಬ್ಬರು, ಹಲವಾಗಲು

ನೀರು ನೀರೇ, ನಿಜ. ಆದರೆ ನಿಮ್ಮ ಕೊಡಕ್ಕೆ ಬೀಳುವ ಮೊದಲು ಅದು ಯಾವ ದಾರಿ ಹಿಡಿದು ಬಂತು ಎನ್ನುವುದರಲ್ಲಿ ಎಲ್ಲ ಇದೆ. ಮೋಡದಿಂದ ಇಳಿದ ಹನಿ ಮುಟ್ಟಿದ್ದು ಗಾಳಿಯನ್ನು ಮಾತ್ರ. ಗಾಳಿಯ ಇಂಗಾಲದ ಡೈಆಕ್ಸೈಡ್ ಒಂದಿಷ್ಟು ಕರಗಿ ಅದು ಕೊಂಚ ಆಮ್ಲೀಯವಾಗುತ್ತದೆ. ಶುದ್ಧ ಗಾಳಿಯಲ್ಲಿ ಬಿದ್ದ ಮಳೆಯ ಪಿಎಚ್ ಸುಮಾರು 5.6. ಅದೇ ಹನಿ ನೆಲದೊಳಗೆ ಇಳಿದು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತಿತೆನ್ನಿ. ಆ ಸಣ್ಣ ಹುಳಿಯೇ ಕಲ್ಲನ್ನು ನಿಧಾನವಾಗಿ ಕರಗಿಸಿ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ನೀರಿಗೆ ಸೇರಿಸುತ್ತದೆ. ನೀರು ಗಡುಸಾಗುವುದು ಹೀಗೆ. ನಿಮ್ಮ ಕಡೆಯ ತುಂಗಭದ್ರೆಯ ನೀರು ಇವೆರಡರ ನಡುವಿನದು. ಆದ್ದರಿಂದ ನಲ್ಲಿಗೆ ಹೊಳೆ ನೀರು ಬರುವ ಊರಿನವರಿಗೆ ನಿಮ್ಮ ತೊಂದರೆ ಅಷ್ಟಾಗಿ ಗೊತ್ತಾಗದು.

ಈಗ ಬೇಳೆಯ ವಿಷಯ. ಬೇಳೆಯ ಕಣಗಳನ್ನು ಹಿಡಿದಿಡುವ ಪೆಕ್ಟಿನ್ ಎಂಬ ಅಂಟು ಕುದಿಯುವಾಗ ಕರಗಬೇಕು, ಆಗಲೇ ಬೇಳೆ ಒಡೆಯುವುದು. ಗಡುಸು ನೀರಿನ ಕ್ಯಾಲ್ಸಿಯಂ ಆ ಅಂಟನ್ನು ಇನ್ನಷ್ಟು ಬಿಗಿ ಮಾಡುತ್ತದೆ. ನಾನೊಮ್ಮೆ ಎರಡು ಪಾತ್ರೆಗಳಲ್ಲಿ ಒಂದೊಂದು ಹಿಡಿ ಬೇಳೆ ಹಾಕಿ, ಒಂದಕ್ಕೆ ಬೋರಿನ ನೀರು, ಇನ್ನೊಂದಕ್ಕೆ ಮಳೆನೀರು ಸುರಿದು ಅಕ್ಕಪಕ್ಕ ಒಲೆಗಿಟ್ಟು ನೋಡಿದೆ. ಮಳೆನೀರಿನ ಬೇಳೆ ಸೌಟಿನ ಬೆನ್ನಿಗೆ ಬೆಣ್ಣೆಯಂತೆ ಮೆತ್ತಿಕೊಂಡಿತು. ಬೋರಿನದು ಬೆರಳಲ್ಲಿ ಹಿಸುಕಿದರೆ ನಡುವೆ ಇನ್ನೂ ಗಟ್ಟಿ ಇತ್ತು. ಕುಕ್ಕರ್ ಬಂದ ಮೇಲೆ ಈ ವ್ಯತ್ಯಾಸ ಮುಚ್ಚಿಹೋಗಿದೆ, ತೆರೆದ ಪಾತ್ರೆಯಲ್ಲಿ ಕಣ್ಣಿಗೇ ಕಾಣುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಯುತ್ತದೆ, ಆದರೆ ಬೇಳೆಯ ಥಯಾಮಿನ್ ಜೀವಸತ್ವ ಹಾಳಾಗುತ್ತದೆ. ನನಗೆ ಆ ರೂಢಿ ಒಪ್ಪಿಗೆಯಿಲ್ಲ.

ಸಾಬೂನಿನ ಕಥೆಯೂ ಇದೇ. ಕ್ಯಾಲ್ಸಿಯಂ ಸಾಬೂನಿನ ಜೊತೆ ಕೂಡಿ ಕರಗದ ಬಿಳಿ ಕೆನೆಯಾಗಿ ಬಕೆಟ್ಟಿಗೆ ಅಂಟುತ್ತದೆ, ಬಟ್ಟೆಗೆ ನೊರೆ ಸಿಗುವುದಿಲ್ಲ. ಕುದಿಸಿದಾಗ ಅದೇ ಕ್ಯಾಲ್ಸಿಯಂನ ಒಂದು ಪಾಲು ಸುಣ್ಣಕಲ್ಲಾಗಿ ಹಂಡೆಯ ತಳಕ್ಕೆ ಪೊರೆ ಕಟ್ಟುತ್ತದೆ.

ಗಡುಸು ನೀರು ಕುಡಿದರೆ ಆರೋಗ್ಯ ಕೆಡುತ್ತದೆ ಎಂದು ಹೆದರಬೇಡಿ. ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂವರೆಗೆ ಇದ್ದರೆ ಉತ್ತಮ, ಬೇರೆ ನೀರು ಸಿಗದಿದ್ದರೆ 600ರವರೆಗೂ ನಡೆಯುತ್ತದೆ. ನಾನು ಹೆದರುವುದು ಫ್ಲೋರೈಡಿಗೆ. ಬಳ್ಳಾರಿ, ವಿಜಯನಗರ, ರಾಯಚೂರು, ಕೊಪ್ಪಳದ ಎಷ್ಟೋ ಊರುಗಳ ಕೊಳವೆಬಾವಿಗಳಲ್ಲಿ ಅದು ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಮಕ್ಕಳು ವರ್ಷಗಟ್ಟಲೆ ಕುಡಿದರೆ ಹಲ್ಲಿನಲ್ಲಿ ಕಂದು ಕಲೆ ಮೂಡುತ್ತದೆ. ಇನ್ನೂ ಹೆಚ್ಚಾದರೆ ಮೂಳೆ, ಕೀಲುಗಳು ಬಿಗಿಯುತ್ತವೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾಯಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ದಟ್ಟವಾಗುತ್ತದೆ. ಮಳೆನೀರಿನಲ್ಲಿ ಈ ಭಯವಿಲ್ಲ.

ಹಾಗೆಂದು ಸೂರಿನಿಂದ ಸುರಿದದ್ದನ್ನು ಹಾಗೆಯೇ ಕುಡಿಯಬೇಡಿ. ಬಾನಿನಿಂದ ಬಿದ್ದಾಗ ಅದು ಚೊಕ್ಕಟ, ಸೂರಿನ ಮೇಲೆ ಹಕ್ಕಿ ಹಿಕ್ಕೆ, ದೂಳು, ಎಲೆ ಎಲ್ಲವೂ ಇರುತ್ತವೆ. ಕ್ಲೋರಿನ್ ಹಾಕಿದ ನಲ್ಲಿ ನೀರಿಗೆ ಇರುವ ಕಾವಲು ಇದಕ್ಕಿಲ್ಲ. ಮೊದಲ ಮಳೆಯ ನೀರನ್ನು ಹೊರಗೆ ಬಿಡಿ. ಆಮೇಲೂ ಪ್ರತಿ ಮಳೆಯ ಮೊದಲ ಹತ್ತು ನಿಮಿಷದ್ದು ಬೇಡ. ದಪ್ಪ ಬಟ್ಟೆಯಲ್ಲಿ ಸೋಸಿ, ಬೆಳಕು ಮತ್ತು ಸೊಳ್ಳೆ ಹೋಗದಂತೆ ಮುಚ್ಚಿಡಿ, ಕುಡಿಯುವುದನ್ನು ಕುದಿಸಿ ಆರಿಸಿ. ತುಕ್ಕು ಹಿಡಿದ ತಗಡು, ಸಿಮೆಂಟ್ ಶೀಟಿನ ಮೇಲೆ ಹರಿದದ್ದು ಬಟ್ಟೆ, ಪಾತ್ರೆಗಿರಲಿ. ನಾಲಿಗೆಗೆ ಮಳೆನೀರು ಸಪ್ಪೆ ಅನ್ನಿಸಬಹುದು, ಖನಿಜವಿಲ್ಲದ್ದಕ್ಕೆ ಹಾಗೆ. ನಮಗೆ ಬೇಕಾದ ಕ್ಯಾಲ್ಸಿಯಂ ಹೆಚ್ಚಾಗಿ ಸಿಗುವುದು ರಾಗಿ, ಹಾಲು, ಸೊಪ್ಪಿನಿಂದಲೇ.

ಒಂದು ಲೆಕ್ಕ ಹೇಳುತ್ತೇನೆ. ಒಂದು ಚದರ ಮೀಟರ್ ಚಾವಣಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಂದರೆ 50 ಚದರ ಮೀಟರಿನ ಆರ್‌ಸಿಸಿ ಚಾವಣಿಗೆ 30,000 ಲೀಟರ್ ಬೀಳುತ್ತದೆ. ಐದು ಜನರ ಅಡುಗೆಗೆ, ಕುಡಿಯಲಿಕ್ಕೆ ದಿನಕ್ಕೆ 40 ಲೀಟರ್ ಹಿಡಿದರೂ ಮಳೆಯಿಲ್ಲದ ಏಳು ತಿಂಗಳಿಗೆ ಒಂಬತ್ತು ಸಾವಿರ ಲೀಟರಿನ ತೊಟ್ಟಿ ಸಾಕು. ಬೆಂಗಳೂರಿನಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ 1995ರಿಂದ ತಮ್ಮ ಮನೆಯನ್ನು ಮಳೆನೀರಿನಿಂದಲೇ ನಡೆಸಿ ತೋರಿಸಿದ್ದಾರೆ. ನೂರಾರು ಅಡಿ ಕೊರೆದು ಗಡುಸು ನೀರು ಎತ್ತುವ ನಾವು, ಸೂರಿನ ಮೆದು ನೀರನ್ನು ಚರಂಡಿಗೆ ಬಿಡುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ತೊಟ್ಟಿ ಕಟ್ಟಿಸುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ನಲ್ಲಿಯ ಒಂದು ಬಾಟಲಿ ನೀರನ್ನು ಫ್ಲೋರೈಡ್ ಪರೀಕ್ಷೆಗೆ ಕೊಡಿ. ಪಂಚಾಯಿತಿಯಲ್ಲಿ ಪರೀಕ್ಷಾ ಕಿಟ್ ಇದೆಯೇ ಎಂದು ಮೊದಲು ಕೇಳಿ.