ಮೂಳೆಯ ಮಾತ್ರೆ, ಒಸಡಿನ ಊತ

ಪ್ರಶ್ನೆ: ನಾವು ಕಂಬಂ ಕಣಿವೆಯ ಕನ್ನಡದ ಮನೆಯವರು. ಅತ್ತೆಗೆ 67 ವರ್ಷ, ದ್ರಾಕ್ಷಿ ತೋಟದಲ್ಲಿ ದುಡಿದವರು. ಜಾರಿಬಿದ್ದು ಮಣಿಕಟ್ಟು ಮುರಿದ ಮೇಲೆ ಮೂಳೆ ಸವೆತಕ್ಕೆಂದು ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಕೊಟ್ಟಿದ್ದಾರೆ. ಎರಡು ವರ್ಷವಾಯಿತು. ಈಗ ಒಸಡು ಊದಿದೆ, ಹಲ್ಲುಜ್ಜಿದರೆ ರಕ್ತ, ಒಂದು ದವಡೆ ಹಲ್ಲು ಅಲ್ಲಾಡುತ್ತಿದೆ. ಎಲ್ಲ ಆ ಮಾತ್ರೆಯಿಂದಲೇ, ಹಲ್ಲು ಕೀಳಿಸಿದರೆ ದವಡೆ ಕೊಳೆಯುತ್ತದೆ ಎಂದು ನೆಂಟರು ಹೆದರಿಸಿದ್ದಾರೆ. ಅತ್ತೆ ಮಾತ್ರೆ ಬಿಟ್ಟುಬಿಟ್ಟಿದ್ದಾರೆ. ಏನು ಮಾಡಲಿ ಡಾಕ್ಟ್ರೇ?
– ಹೆಸರು ಬೇಡ, ಕಂಬಂ

ಉತ್ತರ: ಮಾತ್ರೆಯನ್ನು ದೂರುವ ಮೊದಲು ಹಲ್ಲಿನ ಬುಡ ನೋಡಿಸಿ. ಒಸಡಿನ ಊತಕ್ಕೆ ಮುಖ್ಯ ಕಾರಣ ಅಲ್ಲಿ ಗಟ್ಟಿಯಾಗಿ ಕೂತ ಪಾಚಿ, ಅದರಲ್ಲಿರುವ ಬ್ಯಾಕ್ಟೀರಿಯಾ. ಸಕ್ಕರೆ ಕಾಯಿಲೆ, ಎಲೆಅಡಿಕೆ ಜತೆ ಹೊಗೆಸೊಪ್ಪು ಇದ್ದರೆ ಇನ್ನೂ ಜೋರು. ಸೋಂಕು ಹಳೆಯದಾದಂತೆ ಹಲ್ಲನ್ನು ಹಿಡಿದಿರುವ ಮೂಳೆ ಕರಗುತ್ತದೆ, ಹಲ್ಲು ಸಡಿಲವಾಗುತ್ತದೆ. ಅತ್ತೆಯವರು ಮಾತ್ರೆಯನ್ನು ಬಾಯಲ್ಲಿಟ್ಟು ಚೀಪುತ್ತಿದ್ದರೇ ಎಂದೂ ಕೇಳಿ. ಹಾಗೆ ಮಾಡಿದರೆ ಬಾಯಿ ಹುಣ್ಣಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗದೆ ಇರಬೇಕು.

ಅಲೆಂಡ್ರೊನೇಟ್ ಮಾಡುವ ಕೆಲಸ, ಮೂಳೆ ಕರಗಿಸುವ ಜೀವಕೋಶಗಳನ್ನು ಅಡಗಿಸುವುದು. ಹಾಗಾದರೆ ಹಲ್ಲಿನ ಸುತ್ತಲ ಮೂಳೆಗೂ ಒಳ್ಳೆಯದಲ್ಲವೇ? ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನ ಎ. ಆರ್. ಪ್ರದೀಪ್ ಮತ್ತು ಸಂಗಡಿಗರು ಶೇ 1ರ ಅಲೆಂಡ್ರೊನೇಟ್ ಜೆಲ್ಲನ್ನು ಒಸಡಿನ ಸಂದುಗಳಿಗೇ ಹಾಕಿ ಪರೀಕ್ಷಿಸಿದರು. 2012ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಔಷಧವಿಲ್ಲದ ಜೆಲ್ ಹಾಕಿಸಿಕೊಂಡವರಿಗಿಂತ ಇವರಲ್ಲಿ ಸಂದು ಹೆಚ್ಚು ಮುಚ್ಚಿತ್ತು, ಮೂಳೆ ಹೆಚ್ಚು ತುಂಬಿತ್ತು. ಆದರೆ ಬೇರಿನವರೆಗಿನ ಕ್ಲೀನಿಂಗ್ ಎರಡೂ ಗುಂಪಿಗೆ ಆಗಿತ್ತು. ಅದಿಲ್ಲದೆ ಯಾವ ಔಷಧವೂ ಊತ ಇಳಿಸದು.

ಇನ್ನೊಂದು ಮುಖವೂ ಇದೆ. ಅಲೆಂಡ್ರೊನೇಟಿನ ಗುಂಪಿನ ಔಷಧಗಳು ಉರಿಯೂತವನ್ನು ಕೆರಳಿಸಲೂ ಬಲ್ಲವು. ಅದೇ ಗುಂಪಿನ ಜೊಲೆಡ್ರೊನಿಕ್ ಆಮ್ಲದ ಮೊದಲ ಡ್ರಿಪ್ ಆದ ಮೇಲೆ ಕೆಲವರಿಗೆ ಜ್ವರ, ಮೈಕೈ ನೋವು ಬರುವುದು ಅದರಿಂದಲೇ. ಒಸಡಿನಲ್ಲಿ ಮೊದಲೇ ಕೀವಿದ್ದು, ಮೂಳೆಯ ದುರಸ್ತಿ ಔಷಧದಿಂದ ನಿಧಾನವಾಗಿದ್ದರೆ, ದವಡೆಯ ಚೂರು ಸತ್ತು ಬಾಯೊಳಗೆ ತೆರೆದುಕೊಳ್ಳಬಹುದು. ನೆಂಟರು ಹೇಳಿದ್ದು ಇದನ್ನೇ. 2003ರಲ್ಲಿ ಅಮೆರಿಕದ ರಾಬರ್ಟ್ ಮಾರ್ಕ್ಸ್ ಇದನ್ನು ವರದಿ ಮಾಡಿದಾಗ, 19ನೇ ಶತಮಾನದ ಬೆಂಕಿಕಡ್ಡಿ ಕಾರ್ಮಿಕರ ದವಡೆ ಕೊಳೆತ ವೈದ್ಯರಿಗೆ ನೆನಪಾಯಿತು. ಅದಕ್ಕೆ ಕಾರಣ ಬಿಳಿ ರಂಜಕ. ನಿಮ್ಮ ಕಡೆಯ ಶಿವಕಾಶಿ ಅದರಿಂದ ಪಾರಾಯಿತು: ನಮ್ಮ ದೇಶದಲ್ಲಿ ಬಿಳಿ ರಂಜಕದ ಕಡ್ಡಿ 1913ರ ಕಾಯ್ದೆಯಿಂದಲೇ ನಿಷೇಧವಾಗಿತ್ತು, ಶಿವಕಾಶಿಯ ಬೆಂಕಿಕಡ್ಡಿ ಉದ್ಯಮ ಶುರುವಾದದ್ದು 1920ರ ದಶಕದಲ್ಲಿ.

ಮಾರ್ಕ್ಸ್ ಕಂಡ ರೋಗಿಗಳಲ್ಲಿ ಹೆಚ್ಚಿನವರು ಕ್ಯಾನ್ಸರಿಗೆ ದೊಡ್ಡ ಪ್ರಮಾಣದ ಡ್ರಿಪ್ ಪಡೆದವರು. ಮೂಳೆ ಸವೆತಕ್ಕೆ ಮಾತ್ರೆ ನುಂಗುವವರಲ್ಲಿ ಇದು 10,000ಕ್ಕೆ ಸುಮಾರು 2ರಿಂದ 5 ಮಂದಿಗೆ. ಒಮ್ಮೆ ಮೂಳೆ ಮುರಿದಿರುವ ಅತ್ತೆಯವರಿಗೆ ಸೊಂಟ ಮುರಿಯುವ ಭಯ ಇದಕ್ಕಿಂತ ಬಹಳ ದೊಡ್ಡದು. ಆದ್ದರಿಂದ ಬಿಟ್ಟ ಮಾತ್ರೆಯ ವಿಷಯ ಬರೆದುಕೊಟ್ಟ ವೈದ್ಯರಿಗೆ ಈ ವಾರವೇ ತಿಳಿಸಿ. ದಂತವೈದ್ಯರಿಗೆ ಮಾತ್ರೆಯ ಚೀಟಿ ತೋರಿಸಿ, ಎಕ್ಸ್‌ರೇ ತೆಗೆಸಿ. ಹಲ್ಲು ಉಳಿಯುವುದಾದರೆ ಉಳಿಸಲಿ. ಉಳಿಯದಿದ್ದರೆ ಕೀಳಿಸಲೇಬೇಕು, ಏಕೆಂದರೆ ಕೀವು ತುಂಬಿದ ಹಲ್ಲನ್ನು ಬಿಡುವುದೂ ದವಡೆಗೆ ಅಪಾಯ. ಕಿತ್ತ ಜಾಗ ಮಾಯದೆ ಮೂಳೆ ಕಂಡರೆ ಅಥವಾ ತುಟಿ ಜೋಮು ಹಿಡಿದರೆ ಕಾಯಬೇಡಿ.

ಪ್ರಶ್ನೆ: ಹೆಂಡತಿಗೆ ಮೂಳೆ ಸವೆತಕ್ಕೆ ಆರು ತಿಂಗಳಿಗೊಮ್ಮೆ ಡೆನೊಸುಮಾಬ್ ಇಂಜೆಕ್ಷನ್. ಹಲ್ಲು ಕೀಳಿಸಬೇಕಿದೆ, ಈ ಸಲದ್ದು ಬಿಡಬಹುದೇ?
– ದಿಂಡಿಗಲ್ ಓದುಗರು

ಉತ್ತರ: ಬಿಡಬೇಡಿ. ಇದು ಅಲೆಂಡ್ರೊನೇಟ್ ಮಾತ್ರೆಯಂತೆ ವರ್ಷಗಟ್ಟಲೆ ಮೂಳೆಯಲ್ಲಿ ಉಳಿಯುವುದಿಲ್ಲ. ತಪ್ಪಿದರೆ ಸವೆತ ರಭಸದಿಂದ ಮರಳಿ ಬೆನ್ನುಮೂಳೆ ಕುಸಿಯಬಹುದು. ಹಿಂದಿನ ಇಂಜೆಕ್ಷನ್ ಆಗಿ ಮೂರು–ನಾಲ್ಕು ತಿಂಗಳಿಗೆ ಹಲ್ಲು ಕೀಳಿಸಿದರೆ, ಮುಂದಿನದು ಬರುವಷ್ಟರಲ್ಲಿ ಗಾಯ ಮಾಯಲು ಸಮಯ ಸಿಗುತ್ತದೆ. ತಾರೀಖನ್ನು ಇಬ್ಬರು ವೈದ್ಯರೂ ಮಾತಾಡಿಕೊಂಡು ಗೊತ್ತುಮಾಡಲಿ.